ಸೊನ್ನೆಗಿಂತ ಕಡಿಮೆ

"ನನ್ನ ತಮ್ಮನ್ನ ಕಳ್ಳ ಅಂತಿದಾರೆ. ಅದೂ ನನ್ನ ಗಂಡನೇ," ಎಂದಳು ಬಂದ ಹೆಂಗಸು, ಕುರ್ಚಿಯ ತುದಿಯಲ್ಲಿ ಕುಳಿತು. "ಸಂಜೆಯೊಳಗೆ ಒಪ್ಕೊಳ್ಳದೇ ಇದ್ರೆ ಪೊಲೀಸರಿಗೆ ಕೊಡ್ತಾರಂತೆ. ನನಗೆ ಇಬ್ರೂ ಬೇಕು."

ನನ್ನ ಚಿಕ್ಕಮ್ಮ ವಿಮಾ ಕಂಪನಿಯಲ್ಲಿ ನಷ್ಟದ ತನಿಖೆ ಮಾಡಿ ನಿವೃತ್ತಳಾದವಳು. ಆಮೇಲೂ ಜನರ ಪೇಚಾಟಗಳು ಅವಳನ್ನು ಹುಡುಕಿಕೊಂಡು ಬರುತ್ತಿದ್ದವು. ಸ್ಕೂಟರ್ ಓಡಿಸುವುದು, ಬಾಯಿ ಮುಚ್ಚಿಕೊಂಡಿರುವುದು ನನ್ನ ಪಾಲಿನ ಕೆಲಸ. ಎರಡನೆಯದು ನನಗೆ ಸ್ವಲ್ಪ ಕಷ್ಟವೇ.

ಆ ಹೆಂಗಸಿನ ಗಂಡನದು ಕಬ್ಬಿಣದ ಬೀರು ಮಾಡುವ ಕಾರ್ಖಾನೆ. ಅಲ್ಲಿ ಬಣ್ಣ ಸ್ಪ್ರೇ ಮಾಡುವವನು ಈ ತಮ್ಮ. ಬೀರುಗಳ ಸಂಖ್ಯೆ ಹೆಚ್ಚಿಲ್ಲ, ಬಣ್ಣ ಮಾತ್ರ ಮೂರನೇ ಒಂದು ಪಾಲು ಹೆಚ್ಚು ಖರ್ಚಾಗುತ್ತಿತ್ತು. ಭಾಮೈದ ಹೊರಗೆ ಮಾರುತ್ತಿದ್ದಾನೆಂಬುದು ಮಾಲೀಕನ ತೀರ್ಮಾನ.

ನಾವು ಕಾರ್ಖಾನೆಗೆ ಹೋದಾಗ ಅವಳ ತಮ್ಮ ಮುಖವಾಡವನ್ನು ಕೊರಳಿಗಿಳಿಸಿಕೊಂಡು ನಿಂತಿದ್ದ. "ದಪ್ಪ ಅಳೆಯೋರು ಸಾಲದು ಅಂತಾರೆ, ಇನ್ನೊಂದು ಕೋಟ್ ಹೊಡೀತೀನಿ. ನನಗೆ ಗೊತ್ತಿರೋದು ಇಷ್ಟೇ ಮೇಡಂ," ಎಂದ.

ಅಳತೆಗಾರ ಅಂಗೈಯಗಲದ ಯಂತ್ರ ತೋರಿಸಿದ. "ಬಣ್ಣದ ಪದರ ಅರವತ್ತು ಮೈಕ್ರಾನ್ ಇರ್ಬೇಕು. ದಿನಾ ಬೆಳಗ್ಗೆ ಬಣ್ಣ ಹೊಡೀದ ಈ ಬರೀ ತಗಡಿನ ಮೇಲಿಟ್ಟು ಸೊನ್ನೆ ಮಾಡ್ಕೊಂಡೇ ಅಳೆಯೋದು. ಅರವತ್ತು ದಾಟಿಲ್ಲ."

ತಗಡನ್ನು ನೇತುಹಾಕಿದ್ದ ಮೊಳೆ ತುಕ್ಕು ಹಿಡಿದು ಕೆಂಪಾಗಿತ್ತು. ತಗಡು ಮಾತ್ರ ಥಳಥಳ ಹೊಳೆಯುತ್ತಿತ್ತು. ಚಿಕ್ಕಮ್ಮ ಸಿದ್ಧವಾಗಿದ್ದ ಒಂದು ಬೀರುವಿನ ಬಾಗಿಲೆಳೆದಳು. ಅದು ಉಜ್ಜಿಕೊಂಡು ತೆರೆಯಿತು. ಬಾಗಿಲಿನ ಕೆಳಅಂಚಿನಲ್ಲಿ ಬಣ್ಣ ಇಳಿದು ಗಟ್ಟಿಯಾಗಿತ್ತು.

ಅಲ್ಲಿಂದ ಮಾಲೀಕನ ಕೋಣೆಗೆ ಹೋದೆವು. ಕಿಟಕಿಯ ಸರಳು, ಬೀಗದ ಕೈ, ಕೊನೆಗೆ ಕಾಗದ ಚುಚ್ಚುವ ಸ್ಟೇಪ್ಲರ್ ಕೂಡ ಮಿರಮಿರ ಮಿಂಚುತ್ತಿತ್ತು. ಮೇಜಿನಡಿ ಬಣ್ಣವಿಲ್ಲದ ವಾರ್ನಿಷ್ ಡಬ್ಬಿಯಿತ್ತು. "ತುಕ್ಕು ಕಂಡ್ರೆ ನನಗಾಗಲ್ಲ," ಎಂದ ಮಾಲೀಕ.

"ಬಣ್ಣ ಎಣಿಸಿ ಕೊಡೋ ಸ್ಟೋರಿನವನ ಮೇಲೆ ನನಗೆ ಅನುಮಾನ," ಎಂದು ಹೊರಗೆ ಪಿಸುಗುಟ್ಟಿದೆ.

"ನಿನ್ನ ತಲೆ ಹೆಲ್ಮೆಟ್ ಹಾಕೋಕೆ ಸರಿಯಾಗಿದೆ," ಎಂದಳು ಚಿಕ್ಕಮ್ಮ.

ಸಂಜೆ ಎಲ್ಲರನ್ನೂ ಶೆಡ್ಡಿನಲ್ಲಿ ಸೇರಿಸಿದಳು. ಅಕ್ಕ ತಮ್ಮನ ಪಕ್ಕದಲ್ಲಿ ನಿಂತಳು, ಗಂಡನ ಪಕ್ಕದಲ್ಲಲ್ಲ.

"ಬಣ್ಣ ಗೇಟು ದಾಟಿಲ್ಲ," ಎಂದು ಚಿಕ್ಕಮ್ಮ ಶುರುಮಾಡಿದಳು. "ಬೀರುಗಳ ಮೇಲೇ ಇದೆ. ಬಾಗಿಲು ಉಜ್ಜೋದು, ಅಂಚಲ್ಲಿ ಬಣ್ಣ ಇಳಿಯೋದು ಪದರ ದಪ್ಪ ಆದಾಗ. ಆದ್ರೆ ಯಂತ್ರ ಅರವತ್ತೇ ಅನ್ನುತ್ತೆ. ಅಂದ್ರೆ ಅದರ ಸೊನ್ನೇಲೇ ಎಡವಟ್ಟಿದೆ. ಈ ಗಾಳೀಲಿ ಮೊಳೆಗೆ ತುಕ್ಕು ಬಂತು, ಬರೀ ತಗಡಿಗೆ ಯಾಕೆ ಬರಲಿಲ್ಲ?"

ಉಪ್ಪುಕಾಗದದಿಂದ ತಗಡಿನ ಒಂದು ಮೂಲೆಯನ್ನು ಉಜ್ಜಿದಳು. ಬಿಳಿ ಪುಡಿ ಉದುರಿತು. ಉಜ್ಜದ ಕಡೆ ಯಂತ್ರವಿಟ್ಟು ಸೊನ್ನೆ ಮಾಡಿ, ಆಮೇಲೆ ಉಜ್ಜಿದ ಮೂಲೆಗಿಟ್ಟಳು. ಮೈನಸ್ ಇಪ್ಪತ್ತು ಎಂದಿತು.

"ಸೊನ್ನೆಗಿಂತ ಕಡಿಮೆ. ಬರೀ ಕಬ್ಬಿಣಕ್ಕಿಂತ ತೆಳುವಾದ ಬಣ್ಣ ಉಂಟಾ? ತಗಡಿನ ಮೇಲೆ ಇಪ್ಪತ್ತು ಮೈಕ್ರಾನ್ ವಾರ್ನಿಷ್ ಇದೆ. ಯಂತ್ರ ಪ್ರತಿ ಅಳತೇಲೂ ಅಷ್ಟನ್ನ ಕಳೆದು ತೋರಿಸ್ತಿತ್ತು. ಅದಕ್ಕೇ ಈ ಹುಡುಗ ಪ್ರತಿ ಬೀರುಗೂ ಎಂಬತ್ತು ಹೊಡೀತಿದ್ದ. ಹೆಚ್ಚಿಗೆ ಹೋದ ಮೂರನೇ ಒಂದು ಪಾಲು ಅದೇ."

ಅಳತೆಗಾರ ಬಿಳಿಚಿಕೊಂಡ. "ನಾನು ಹೊಡೆದಿಲ್ಲ ಮೇಡಂ."

"ಗೊತ್ತು. ಕೈಗೆ ಸಿಕ್ಕ ಕಬ್ಬಿಣಕ್ಕೆಲ್ಲ ವಾರ್ನಿಷ್ ಹೊಡೆಯೋರು ಇಲ್ಲಿ ಒಬ್ಬರೇ."

ಎಲ್ಲರೂ ಮಾಲೀಕನ ಕಡೆ ತಿರುಗಿದರು.

"ತುಕ್ಕು ಹಿಡೀತಿತ್ತು," ಎಂದ ಅವನು. "ಒಳ್ಳೇದಕ್ಕೇ ಅಂತ ಹೊಡೆದೆ." ಭಾಮೈದನ ಹತ್ತಿರ ಹೋಗಿ ಹೆಗಲ ಮೇಲೆ ಕೈಯಿಟ್ಟ. "ತಪ್ಪಾಯ್ತು ಕಣೋ. ನಾಳೆ ಎಂದಿನ ಹಾಗೆ ಕೆಲಸಕ್ಕೆ ಬಾ."

ತಮ್ಮ ಆ ಕೈಯನ್ನು ಮೆಲ್ಲಗೆ ತೆಗೆದ. "ಕೆಲಸಕ್ಕೆ ಬರ್ತೀನಿ ಭಾವ. ಮನೆಗೆ ಮಾತ್ರ ಕರೀಬೇಡಿ."

ಅಕ್ಕ ತಮ್ಮನ ತೋಳು ಹಿಡಿದುಕೊಂಡಳು. ನನಗೆ ಅವಳನ್ನು ನೋಡಲಾಗಲಿಲ್ಲ. ಪತ್ತೆಯೇನೋ ಆಗಿತ್ತು, ಆದರೆ ಅವಳು ಕೇಳಿಕೊಂಡು ಬಂದಿದ್ದನ್ನು ನಾವು ಅರ್ಧ ಮಾತ್ರ ಕೊಟ್ಟಿದ್ದೆವು.