ಎಡಗಾಲಿನ ಎರಡು ಮಡಿಕೆ

ಜೀನ್ಸ್ ಪ್ಯಾಂಟಿನ ಪಕ್ಕದ ಹೊಲಿಗೆ ಕೂಡುವಲ್ಲಿ ಬಟ್ಟೆ ಬಲು ದಪ್ಪ. ಹಾಗೇ ಮಷೀನಿಗೆ ಕೊಟ್ಟರೆ ಸೂಜಿ ಮುರಿಯುತ್ತದೆ. ಅದಕ್ಕೇ ನೀಲಾ ಆ ಜಾಗವನ್ನು ಕಲ್ಲಿನ ಮೇಲಿಟ್ಟು ಸುತ್ತಿಗೆಯಿಂದ ಕುಟ್ಟುತ್ತಿದ್ದಳು.

"ಯಾರ ಮ್ಯಾಲಿನ ಸಿಟ್ಟರೀ ಅದು?"

ತಲೆ ಎತ್ತಿದಳು. ರಾಮದುರ್ಗದ ಅವಳ ಪುಟ್ಟ ಟೇಲರ್ ಅಂಗಡಿಯ ಮುಂದೆ, ಬೈಕಿನ ಮೇಲೆ ಕುಳಿತೇ ಒಬ್ಬ ನಗುತ್ತಿದ್ದ. ಅವಳ ಕಣ್ಣು ಒಂದು ಕ್ಷಣ ಆ ನಗುವಿನಲ್ಲೇ ನಿಂತಿತು... ಆಮೇಲೆ, ಟೇಲರ್ ಕಣ್ಣಲ್ಲವೇ, ಅವನ ಪ್ಯಾಂಟಿನ ತುದಿಗೆ ಇಳಿಯಿತು.

"ಇದೇನ್ರಿ ಫ್ಯಾಶನ್ನು! ಬಲಗಾಲಿಗೆ ಒಂದ ಮಡಿಕಿ, ಎಡಗಾಲಿಗೆ ಎರಡು? ನಿದ್ದಿಗಣ್ಣಾಗ ಹಾಕ್ಕೊಂಡ್ರೇನು?"

ಮೂಲೆಯಲ್ಲಿ ಅಂಗಿಗಳ ಗುಂಡಿಗೆ ಕಾಜಾ ಹೊಲಿಯುತ್ತಿದ್ದ ಸಹಾಯಕಿ ಬಾಯವ್ವ ಕಿಸಕ್ಕನೆ ನಕ್ಕಳು. ಅವನ ನಗು ಒಮ್ಮೆ ಆರಿ, ಮತ್ತೆ ಹೊತ್ತಿತು.

"ಹೌದ್ರಿ. ನಿದ್ದಿಗಣ್ಣಾಗ."

ಹೆಸರು ಗೌರೀಶ. ಸುರೇಬಾನದವನು, ಹೊಲಗಳಿಗೆ ಹನಿ ನೀರಾವರಿ ಪೈಪು ಜೋಡಿಸುವ ಕೆಲಸ. ಆರು ವಾರದಲ್ಲಿ ಐದು ಸಲ ಬಂದ. ಪ್ರತಿ ಸಲವೂ ಬೈಕಿನ ಮೇಲಿಂದಲೇ ಗುಂಡಿ ಕಿತ್ತ ಅಂಗಿ ಚಾಚುತ್ತಿದ್ದ. ಗುಂಡಿ ಹಚ್ಚಿ ಮುಗಿದರೂ ಇಬ್ಬರ ಮಾತು ಮುಗಿಯುತ್ತಿರಲಿಲ್ಲ!

"ಏನ ನೀಲವ್ವ, ಆ ಹುಡುಗನ ಗುಂಡಿ ಎಲ್ಲಾ ನಮ್ಮ ಅಂಗಡಿ ಮುಂದನ ಕಿತ್ತ ಬೀಳತಾವಲ್ಲ?" ಬಾಯವ್ವ ಕಾಡುತ್ತಿದ್ದಳು.

ಆರನೇ ಸಲ ಹೊಸ ಜೀನ್ಸ್ ತಂದ.

"ನೀವ ಹೇಳ್ರಿ. ಹಿಂಗ ಮಡಚಿಕೊಂಡ ಅಡ್ಡಾಡ್ಲೋ, ಕಟ್ ಮಾಡಿ ಹೊಲಿಸ್ಲೋ?"

"ಹೊಲಿಸ್ರಿ. ಮಡಿಕ್ಯಾಗ ಹೊಲದ ಮಣ್ಣೆಲ್ಲಾ ತುಂಬತೈತಿ."

ಬೈಕಿಗೆ ಒರಗಿ ನಿಂತವನ ಬಲಗಾಲಿಗೆ ಟೇಪ್ ಹಿಡಿದಳು. ಒಂದು ಕಾಲು ಅಳೆಯುವುದು, ಎರಡನ್ನೂ ಜೋಡಿಸಿ ಕತ್ತರಿಸುವುದು. ಎಲ್ಲ ಟೇಲರುಗಳ ರೂಢಿ ಅದೇ. ಅವನು ಏನೋ ಹೇಳಲು ಬಾಯಿ ತೆರೆದು, ಬೈಕಿನ ಕನ್ನಡಿ ಸರಿಮಾಡತೊಡಗಿದ.

ಮರುದಿನ ಪ್ಯಾಂಟ್ ಒಯ್ದವನು ಮತ್ತೆ ಬರಲಿಲ್ಲ.

ಒಂದು ವಾರ... ಎರಡು... ಮೂರು. ಬೈಕಿನ ಸದ್ದು ಕೇಳಿದಾಗಲೆಲ್ಲ ನೀಲಾಳ ಕೈ ಮಷೀನಿನ ಮೇಲೆ ನಿಲ್ಲುತ್ತಿತ್ತು. 'ನಾ ಏನ ತಪ್ಪ ಮಾಡಿದ್ನಿ? ಇನ್ನ ಬರೂದ ಇಲ್ಲೇನು?'

ಒಂದು ಮಧ್ಯಾಹ್ನ ದಾರದುಂಡೆ ತರಲು ಬಸ್‌ಸ್ಟ್ಯಾಂಡಿನ ಕಡೆ ಹೋದಾಗ ಅವನು ಕಂಡ. ನಡೆಯುತ್ತಿದ್ದ. ಅವನು ನಡೆಯುವುದನ್ನು ಅವಳು ನೋಡಿದ್ದು ಅದೇ ಮೊದಲು!

ಬಲಗಾಲಿನಲ್ಲಿ ಅವಳ ಹೊಲಿಗೆ ನೇರವಾಗಿ ಕುಳಿತಿತ್ತು. ಎಡಗಾಲಿನಲ್ಲಿ ಅದೇ ಹೊಲಿಗೆಯ ಮೇಲೆ ಮತ್ತೊಂದು ಮಡಿಕೆ. ಹೆಜ್ಜೆ ಹೆಜ್ಜೆಗೂ ಎಡಭುಜ ಕೆಳಗೆ ಜಗ್ಗುತ್ತಿತ್ತು.

ಅಯ್ಯೋ... ಅವತ್ತು ಆ ಮಡಿಕೆ ಕಂಡು ತಮಾಷೆ ಮಾಡಿಬಿಟ್ಟೆನಲ್ಲ!

"ಗೌರೀಶ ಅವರ!"

ಅವನು ತಿರುಗಿದ. "ನೋಡಿಬಿಟ್ರಿ?"

"ಹೂಂ."

"ಸಣ್ಣಾವಿದ್ದಾಗ ಟ್ರ್ಯಾಕ್ಟರ್ ಮ್ಯಾಲಿಂದ ಬಿದ್ದಿದ್ನಿ. ಎಡಗಾಲ ಸ್ವಲ್ಪ ಗಿಡ್ಡ ಉಳೀತು."

"ಅಳತಿ ತಗೊಳ್ಳುವಾಗ ಯಾಕ ಹೇಳಲಿಲ್ಲ?"

"ನೀವು ನಕ್ಕೊಂತ ಮಾತಾಡತಿದ್ರಿ. ಹೇಳಿದ್ರ ಪಾಪ ಅಂತ ನೋಡತೀರಿ ಅಂತ ಅಂಜಿದ್ನಿ."

ನೀಲಾಳ ಕಣ್ಣು ತುಂಬಿತು. ಆದರೂ ಗದರಿದಳು. "ಪಾಪ ಅಲ್ಲ, ಸಿಟ್ಟ ಬಂದೈತಿ! ನನ್ನ ಟೇಪಿನ ಮ್ಯಾಲೆ. ಎರಡೂ ಕಾಲ ಅಳೀಬೇಕಿತ್ತು. ನಡೀರಿ ಅಂಗಡಿಗೆ."

ಅವನು ಅವಳ ಪಕ್ಕದಲ್ಲೇ ನಡೆದು ಬಂದ. ಅಂಗಡಿಯ ಮೆಟ್ಟಿಲನ್ನು ಮೊದಲ ಬಾರಿ ಹತ್ತಿದ. ಬಾಯವ್ವ ಇಬ್ಬರ ಮುಖವನ್ನೂ ನೋಡಿ ಚಹಾ ತರಲು ಎದ್ದಳು.

ನೀಲಾ ಕುಕ್ಕರಗಾಲಲ್ಲಿ ಕುಳಿತು ಎಡಗಾಲು ಅಳೆದಳು. ಒಂದೂಕಾಲು ಇಂಚು ಕಡಿಮೆ. ಚಾಕ್‌ನಿಂದ ಗುರುತು ಹಾಕಿದಳು. ಅವನು ಪರದೆಯ ಹಿಂದೆ ಹೋಗಿ, ಅಂಗಡಿಯಲ್ಲಿದ್ದ ಒಂದು ಪೈಜಾಮ ಹಾಕಿಕೊಂಡು ಪ್ಯಾಂಟ್ ಬಿಚ್ಚಿ ಕೊಟ್ಟ.

"ಒಂದು ಖರೇ ಹೇಳ್ಲಿ?" ಅವನೆಂದ. "ಗುಂಡಿ ಎಲ್ಲಾ ನಾನ ಕಿತ್ತಕೊಂಡ ಬರತಿದ್ನಿ."

"ಗೊತ್ತೈತಿ. ದಾರ ಬ್ಲೇಡಿನಿಂದ ಕೊಯ್ದದ್ದು ಟೇಲರಿಗೆ ತಿಳಿಯೂದಿಲ್ಲೇನು?"

"ಮತ್ತ... ಸುಮ್ಮನ ಯಾಕ ಹಚ್ಚಿ ಕೊಟ್ರಿ?"

"ಮತ್ತ ಬರ್ಲಿ ಅಂತ."

ಅವನು ಉಸಿರು ಹಿಡಿದ. "ನೀಲಾ... ನಿನ್ನ ಲಗ್ನಾಗಿ ನಿನ್ನ ಸಂಗಾಟ ಬಾಳೇವು ಮಾಡೂ ಆಸೆ ಐತಿ ನನಗ. ನೀ ಏನಂತಿ?"

ಅವಳ ಕೆನ್ನೆ ಬಿಸಿಯಾಯಿತು.

"ನಾಳೆ ಪ್ಯಾಂಟ್ ತಯಾರ ಇರತೈತಿ. ಬರ್ರಿ."

"ಪ್ಯಾಂಟಿಗೆ ಅಷ್ಟನಾ?"

"ಬರ್ರಿ ಅಂದೆ ನೋಡ್ರಿ..."

ನಗುತ್ತಾ ಅವನು ಮೆಟ್ಟಿಲಿಳಿದು ಹೋದ.

ಚಹಾ ಹಿಡಿದು ಬಂದ ಬಾಯವ್ವ ಕಣ್ಣರಳಿಸಿದಳು. "ಏನಂದ?"

"ಪ್ಯಾಂಟ್ ಉದ್ದ ಆಗೇತಂತ."

ನೀಲಾ ಮಷೀನಿಗೆ ದಾರ ಪೋಣಿಸಿದಳು. ನಾಳೆ ಅವನು ಇನ್ನೊಮ್ಮೆ ಕೇಳುವ ಮೊದಲೇ ತಾನೇ 'ಹೂಂ' ಅನ್ನಬೇಕು ಎಂದು ಅಷ್ಟರಲ್ಲಿ ನಿರ್ಧಾರವಾಗಿಹೋಗಿತ್ತು. ಬಾಯವ್ವ ಎಷ್ಟು ಕೆದಕಿದರೂ ಹೇಳಲಿಲ್ಲ. ಆ 'ಹೂಂ' ಮೊದಲು ಬೀಳಬೇಕಾದದ್ದು ಅವನ ಕಿವಿಗೆ.