ಎರಡನೇ ಗೂಡಿನ ಹಸಿರು ದೀಪ

ದೆವ್ವ ಗಿವ್ವ ಅಂದವರನ್ನು ಬೈದು ಓಡಿಸುವವನು ನಾನು. ಆದರೂ ಕಣ್ಣಾರೆ ಕಂಡದ್ದನ್ನು ಹೇಳಲೇಬೇಕು.

ದೊಡ್ಡಾಸ್ಪತ್ರೆಯ ನೆಲಮಾಳಿಗೆಯಲ್ಲಿ ಇಂಜಿನಿಯರಮ್ಮನೂ ನಾನೂ ಹೊಸ ಫೈರ್‌ವಾಲ್ ಕೂರಿಸುತ್ತಿದ್ದೆವು. ಅಲ್ಲಿನ ಕಂಪ್ಯೂಟರ್‌ಗಳ ಮಾತೆಲ್ಲ ಈ ಕಾವಲು ದಾಟಿಯೇ ಹೋಗಬೇಕು. ಎದೆಯೆತ್ತರದ ಕಬ್ಬಿಣದ ಪೆಟ್ಟಿಗೆ, ಅದರೊಳಗೆ ಸಾಲು ಗೂಡುಗಳು. ಪ್ರತಿ ಗೂಡಿಗೂ ಹಲಗೆಯಂಥ ಒಂದು ಸರ್ಕ್ಯೂಟ್ ಕಾರ್ಡು, ಗೂಡಿನ ಮೇಲೊಂದು ದೀಪ; ಕಾರ್ಡು ಓಡುತ್ತಿದ್ದರೆ ಅದು ಹಸಿರು. ಒಂದು ಕಾರ್ಡು ಕೈಕೊಟ್ಟರೆ ಇನ್ನೊಂದು ಹೊರೆ ಹೊರುತ್ತದೆ. ಆದರೆ ಎರಡನೆಯದು ಇನ್ನೂ ಬಂದಿರಲಿಲ್ಲ. ಇಡೀ ಆಸ್ಪತ್ರೆ ಒಂದೇ ಕಾರ್ಡಿನ ಮೇಲೆ ನಡೆಯುತ್ತಿತ್ತು. ಮೇಲಿನ ಐಸಿಯುನಲ್ಲಿ ನನ್ನ ಅತ್ತಿಗೆ ಮಲಗಿದ್ದರು. ಅವರ ಎದೆಬಡಿತ ನರ್ಸ್‌ಗಳ ಪರದೆಗೆ ಹೋಗುತ್ತಿದ್ದದ್ದೂ ಇದೇ ದಾರಿಯಲ್ಲಿ.

ಎರಡನೇ ಕಾರ್ಡನ್ನು ಲಾರಿಯಿಂದ ಇಳಿಸಿಕೊಂಡು ಒಳಗೆ ಬಂದರೆ, ಇಂಜಿನಿಯರಮ್ಮ ಮೊದಲನೆಯದನ್ನು ಕಿತ್ತು ಕೈಯಲ್ಲಿ ಹಿಡಿದಿದ್ದರು.

"ಏನಮ್ಮ, ತಲೆ ಕೆಟ್ಟಿದೆಯಾ? ಯಾಕೆ ಕಿತ್ರಿ?"

"ಸಡಿಲ ಇತ್ತು ರೀ. ಎರಡನೇದನ್ನ ನೀವಾಗಲೇ ಹಾಕಿದ್ದೀರಲ್ಲ, ಓಡ್ತಿದೆ, ಹಸಿರು ದೀಪ ನೋಡಿ."

"ಎರಡನೇದು ನನ್ನ ಕಂಕುಳಲ್ಲಿದೆ!"

ಅವರ ಮುಖ ಬಿಳಿಚಿಕೊಂಡಿತು. ಮೇಲೆ ಐಸಿಯುನಲ್ಲಿ ನರ್ಸ್‌ಗಳ ಬಳಿಯಿದ್ದ ಅಣ್ಣನಿಗೆ ನಾನು ಫೋನ್ ಹಚ್ಚಿದೆ. "ನರ್ಸ್‌ಗಳ ಪರದೆ ನಿಂತುಹೋಯ್ತಾ?"

"ಇಲ್ಲ ಕಣೋ, ಚೆನ್ನಾಗೇ ಓಡ್ತಿದೆ. ಯಾಕೋ ಹಂಗೆ ಬಡ್ಕೋತೀಯ?"

ಎರಡನೇ ಗೂಡಿನ ತಗಡು ಬಿಚ್ಚಿದೆ. ಒಳಗೆ ಏನೂ ಇರಲಿಲ್ಲ. ಎಸಿಯ ಕೊರೆಯುವ ಚಳಿಯಲ್ಲಿ ಆ ಖಾಲಿ ಜಾಗದಿಂದ ಬೆಚ್ಚನೆ ಗಾಳಿ ಬಂತು, ನಿಂತಿತು, ಮತ್ತೆ ಬಂತು, ನಿದ್ದೆಯಲ್ಲಿರುವವರ ಉಸಿರಿನ ಹಾಗೆ. ನನ್ನ ದನಿ ತಾನಾಗಿಯೇ ತಗ್ಗಿತು. ಇಬ್ಬರೂ ಸದ್ದು ಮಾಡದೆ ಕಾರ್ಡುಗಳನ್ನು ಕೂರಿಸಿದೆವು.

ಅತ್ತಿಗೆ ಹುಷಾರಾಗಿ ಮನೆಗೆ ಬಂದರು. ದೂಳು ಒರೆಸಲು ನಾನು ಈಗಲೂ ಆಗಾಗ ಎರಡನೇ ಕಾರ್ಡನ್ನು ಹೊರಗೆ ಎಳೆಯುತ್ತೇನೆ. ಖಾಲಿ ಗೂಡಿನ ದೀಪ ಮಾತ್ರ ಹಸಿರಾಗಿಯೇ ಇರುತ್ತದೆ.