ಸಣ್ಣ ಕಾಳಿನ ತೋಟಾ

ಮೋರಟಗಿಯ ಚಂದಪ್ಪಗೌಡ ತನ್ನ ಮನೆಯ ಹಿತ್ತಲಲ್ಲೇ ಅಂಗಾತ ಬಿದ್ದಿದ್ದ. ಹೊದ್ದ ಕಂಬಳಿ ರಕ್ತದಲ್ಲಿ ನೆನೆದಿತ್ತು. ಹೆಂಡತಿ ಸಾವಿತ್ರವ್ವ ಬಂದೂಕನ್ನು ತೊಡೆಯ ಮೇಲೆ ಅಡ್ಡಲಾಗಿ ಇಟ್ಟುಕೊಂಡು ಹೆಣದ ಪಕ್ಕ ಕೂತಿದ್ದಳು. ಹತ್ತಿರ ಹೋಗುವ ಧೈರ್ಯ ಊರಲ್ಲಿ ಯಾರಿಗೂ ಇರಲಿಲ್ಲ.

ಸಿಂದಗಿಯಿಂದ ಫೌಜದಾರ ಹಣಮಂತ್ರಾಯರ ಜೀಪು ಬಂದಾಗ ಬಿಸಿಲೇರಿತ್ತು. ಅವರನ್ನು ನೋಡಿದ್ದೇ ಸಾವಿತ್ರವ್ವ ಎರಡೂ ಕೈ ಚಾಚಿದಳು.

“ನಾನ ಹೊಡದೇನ್ರಿ. ಬೇಡಿ ಹಾಕ್ರಿ.”

ಕೊಂದು ಓಡಿದವರನ್ನು ಹಣಮಂತ್ರಾಯರು ಕಂಡಿದ್ದರು. ಕೊಂದಿಲ್ಲ ಎಂದು ದೇವರ ಮೇಲೆ ಆಣೆ ಹಾಕಿದವರನ್ನೂ ಕಂಡಿದ್ದರು. ಹೀಗೆ ಬೇಡಿಯನ್ನು ಬೇಡಿಕೊಂಡವಳನ್ನು ಕಂಡದ್ದು ಇದೇ ಮೊದಲು. ಅವರು ಬಂದೂಕನ್ನು ಮಾತ್ರ ಮೆಲ್ಲಗೆ ತೆಗೆದುಕೊಂಡು ಹವಾಲ್ದಾರ ಮೋದಿನಸಾಬನ ಕೈಗೆ ಕೊಟ್ಟರು.

“ಕೊಂದಳ್ರೀ ನಮ್ಮಣ್ಣನ್ನ!” ಸತ್ತವನ ತಂಗಿ ಸೀತವ್ವ ಎದೆ ಎದೆ ಬಡಿದುಕೊಂಡಳು. “ಇಕಿನ್ನ ಗಲ್ಲಿಗೆ ಹಾಕ್ರಿ!” ಅವಳ ಗಂಡ ರಾವಸಾಬ ಅವಳನ್ನು ಹಿಡಿದು ಸಮಾಧಾನ ಮಾಡುತ್ತಿದ್ದ. ಅವರ ಮನೆಯೂ ಅದೇ ಊರಲ್ಲಿ. ಗುಂಡಿನ ಸಪ್ಪಳ ಕೇಳಿ ಮೊದಲು ಓಡಿ ಬಂದವನೇ ಅವನು.

“ಏನಾತು ಹೇಳವಾ,” ಎಂದರು ಫೌಜದಾರರು.

“ಅವರು ಮುದ್ದೇಬಿಹಾಳದ ಪ್ಯಾಟಿಗೆ ಎತ್ತು ನೋಡಾಕ ಹೋಗಿದ್ರು. ಇನ್ನ ಎರಡ ದಿನಾ ಬರೂದಿಲ್ಲ ಅಂತ ಸುದ್ದಿ ಇತ್ತು. ಊರೂರಾಗ ದರೋಡೆ. ನಾನೊಬ್ಬಾಕಿ ಮನ್ಯಾಗ. ಬೆಳಕು ಹರಿಯೂ ಹೊತ್ತಿಗೆ ಹಿತ್ತಲ ಬೇಲಿ ಬಾಗಲಾ ಸಪ್ಪಳಾತು. ಮಾಳಿಗಿ ಮ್ಯಾಲಿಂದ ನೋಡಿದ್ರ ಕಂಬಳಿ ಹೊದ್ದವ ಒಬ್ಬ. ‘ಸಾವಿತ್ರಿ, ಬಾಗಲಾ ತೆಗಿ’ ಅಂದ.”

“ಗಂಡನ ದನಿ ಗುರ್ತು ಹತ್ತಲಿಲ್ಲ?”

“ಈ ಕಳ್ಳರು ಮನಿ ಯಜಮಾನನ ದನಿ ತಗದು ಕರೀತಾರಂತ, ನಂಬಬ್ಯಾಡ ಅಂತ ಹೇಳಿದ್ರು. ಆದ್ರ ಸಾಯಬಾರದಿತ್ರಿ. ನಮ್ಮ ಮನ್ಯಾಗ ಇರೂವು ಎಲ್ಲಾ ಸಣ್ಣ ಕಾಳಿನ ತೋಟಾ.”

ಬಂದೂಕಿನ ಲೈಸೆನ್ಸು ಸಿಕ್ಕ ದಿನ ಗಂಡ ಹೆಂಡತಿ ಇಬ್ಬರೂ ಸಿಂದಗಿಗೆ ಹೋಗಿ ಅದಕ್ಕೆ ತುಂಬುವ ತೋಟಾ ಆರಿಸಿದ್ದರು. ಒಂದರೊಳಗೆ ಸೀಸದ ಕಾಳು ಸಾಸಿವೆಗಿಂತ ಒಂದಿಷ್ಟು ದಪ್ಪ, ಹಕ್ಕಿ ಹೊಡೆಯುವಂಥದು. ಇನ್ನೊಂದರೊಳಗೆ ಕಡಲೆ ಗಾತ್ರದ್ದು, ಕಾಡುಹಂದಿಯನ್ನು ಕೆಡವುವಂಥದು. ಮನೆ ಕಾಯಲಿಕ್ಕೆ ದೊಡ್ಡದೇ ಬೇಕೆಂದು ಅಲ್ಲಿದ್ದವರೆಲ್ಲ ಹೇಳಿದ್ದರು. ಚಂದಪ್ಪಗೌಡ ಕೇಳಿರಲಿಲ್ಲ. “ಮನಿ ಮುಂದ ಯಾರ ಬರ್ತಾರೋ ಏನೋ. ದೂರಿಂದ ತಗಲಿದ್ರ ಉರದು ಓಡಿ ಹೋಗಬೇಕು, ಅಷ್ಟ. ನಮ್ಮ ತಪ್ಪಾದ್ರ ತಿದ್ದಿಕೊಳ್ಳಾಕ ಬರಬೇಕು,” ಎಂದಿದ್ದ.

ಹಣಮಂತ್ರಾಯರು ಬಂದೂಕಿನ ನಳಿಗೆಯನ್ನು ಕೆಳಗೆ ಬಾಗಿಸಿ ಖಾಲಿ ತೋಟಾ ಹೊರಗೆಳೆದರು. ಹಳದಿ ಕಾಗದದ ಕೊಳವೆ, ಹಿತ್ತಾಳೆಯ ತಳ. ತಳದ ಅಂಚಿನಲ್ಲಿ ಕುಂಕುಮದ ಕೆಂಪು ಮೆತ್ತಿತ್ತು. ಮಹಾನವಮಿಗೆ ಆಯುಧ ಪೂಜೆಯಾಗಿ ಇನ್ನೂ ತಿಂಗಳಾಗಿರಲಿಲ್ಲ. ಠಾಣೆಯ ರೈಫಲ್ಲುಗಳ ಸಂದಿಯಲ್ಲೂ ಅದೇ ಕೆಂಪು ಉಳಿದಿತ್ತು. ಅವರು ತೋಟಾವನ್ನು ಚೀಟಿ ಹಚ್ಚಿ ಚೀಲಕ್ಕೆ ಹಾಕಿದರು.

*

ಸಿಂದಗಿಯ ಡಾಕ್ಟರು ಹೆಣದಿಂದ ತೆಗೆದ ಕಾಳುಗಳನ್ನು ಬಟ್ಟಲಲ್ಲಿ ಅಲುಗಿಸಿ ತೋರಿಸಿದರು. ಕಡಲೆ ಗಾತ್ರದವು.

ಹಣಮಂತ್ರಾಯರು ಒಂದು ಕಾಳನ್ನು ಎತ್ತಿ ಬೆರಳ ನಡುವೆ ಹೊರಳಿಸಿದರು. ಸಣ್ಣ ಕಾಳಾಗಿದ್ದರೆ ಅದೊಂದು ಹಾಳು ಅನಾಹುತ, ಕೋರ್ಟು ಕನಿಕರ ತೋರಿಸುತ್ತಿತ್ತು. ಈಗ ಹಾಗಲ್ಲ. ಸಣ್ಣದೆಂದು ಹೇಳುತ್ತ ದೊಡ್ಡದನ್ನು ತುಂಬಿ ಕಾದು ಕೂತಳು ಎಂದೇ ಎಲ್ಲರೂ ಅನ್ನುವುದು. ಮಕ್ಕಳಿಲ್ಲದ ಮನೆ. ಗೌಡ ಇನ್ನೊಂದು ಮದುವೆಯಾಗುವವನಿದ್ದ ಎಂಬ ಗುಸುಗುಸು ಊರಲ್ಲಿ ಆಗಲೇ ಎದ್ದಿತ್ತು. ವಿಜಾಪುರದಿಂದ ಸಾಹೇಬರ ಫೋನೂ ಬಂತು. “ಹೆಂಗಸು ಒಪ್ಪಿಕೊಂಡಾಳ. ಮತ್ತೇನ ನೋಡಾಕತ್ತೀರಿ? ನಾಳಿ ಅರೆಸ್ಟ್ ಮಾಡ್ರಿ.”

ಕಡೆಯ ಆಸೆ ಒಂದಿತ್ತು. ತೋಟಾ ಮಾರುವ ಚಮನಸಾಬನ ಅಂಗಡಿಗೆ ಓಡಿದರು.

“ಸಣ್ಣವುಗಳೊಳಗ ದೊಡ್ಡದೊಂದು ಬೆರಕಿ ಆಗಿರಬಹುದೇನ?”

“ಆಗೂದಿಲ್ರಿ ಸಾಹೇಬ್ರ. ಸೀಲ್ ಇದ್ದ ಪೆಟಿಗಿ ಕೊಟ್ಟೇನಿ.”

“ದೊಡ್ಡವು ಯಾರ ಒಯ್ದಾರ?”

“ಯಾರ ಒಯ್ದಿಲ್ಲ ಕೇಳ್ರಿ. ಇಂಡಿಯಿಂದ ಬಾಗೇವಾಡಿತನಕ ಲೈಸೆನ್ಸ್ ಇದ್ದವರೆಲ್ಲಾ ಒಯ್ದಾರ. ದರೋಡಿ ಹೆದರಿಕಿ.”

“ಹೊರಗಿಂದ ನೋಡಿದ್ರ ಫರಕು ತಿಳೀತೈತಿ?”

“ತೋಟಾದ ಬಾಯಿ ಮ್ಯಾಲಿನ ರಟ್ಟಿನ ಬಿಲ್ಲ್ಯಾಗ ನಂಬರು ಇರ್ತೈತ್ರಿ. ತುಂಬಿದ ಮ್ಯಾಲ ಅದೆಲ್ಲಿ ಕಾಣಬೇಕು? ಹೊಡದ ಮ್ಯಾಲಂತೂ ಹಾರಿ ಹೋಗ್ತೈತಿ.”

ಹೊರಗಿನಿಂದ ಬೇರೆಯವನು ಹೊಡೆದನೇ ಎಂದರೆ, ಕೇಳಿದ್ದು ಒಂದೇ ಸಪ್ಪಳ ಎಂದು ಇಡೀ ಓಣಿ ಹೇಳಿತ್ತು. ಎಲ್ಲ ದಾರಿಯೂ ಮತ್ತೆ ಸಾವಿತ್ರವ್ವನ ಬೆರಳಿಗೇ ಬಂದು ನಿಲ್ಲುತ್ತಿತ್ತು.

*

ಮರುದಿನ ಹೆಣವನ್ನು ಚಕ್ಕಡಿಯಲ್ಲಿ ಮೋರಟಗಿಗೆ ತಂದರು. ಜೀಪಿನಲ್ಲಿ ಹಿಂದೆ ಬಂದ ಫೌಜದಾರರ ಕಿಸೆಯಲ್ಲಿ ಸಾವಿತ್ರವ್ವನ ಅರೆಸ್ಟಿನ ಕಾಗದ ಭಾರವಾಗಿ ಕೂತಿತ್ತು. ಅವಳನ್ನು ಅವಳ ಮನೆಯಲ್ಲೇ ಕಾವಲಿಟ್ಟಿದ್ದರು; ಕಾವಲಿನ ಹೆಂಗಸು ಕೊಟ್ಟ ನೀರನ್ನೂ ಅವಳು ಮುಟ್ಟಿರಲಿಲ್ಲ. ಗೋಡೆಗೆ ಒರಗಿ ಕೂತಿದ್ದಳು, ಅಷ್ಟೇ.

“ಹೋಗೂಣೇನ್ರಿ?” ಎಂದಳು. ಊರಿಗೆ ಹೊರಟವಳ ಹಾಗೆ.

ಉಳಿದ ತೋಟಾಗಳನ್ನು ಜಪ್ತಿ ಮಾಡುವುದಿತ್ತು. ಫೌಜದಾರರು ಪೆಟ್ಟಿಗೆ ತೆಗೆಸಿ ಒಂದೊಂದನ್ನೇ ಹೊರಳಿಸಿ ನೋಡಿದರು. ಎಲ್ಲವೂ ಸಣ್ಣ ಕಾಳಿನವು. ಹಿತ್ತಾಳೆಯ ತಳ ಹೊಸದರ ಹಾಗೆ ಫಳಫಳ. ಅವರು ತಲೆ ಎತ್ತಿದರು. ಓಣಿಯ ಉಳಿದೆಲ್ಲ ಮನೆಗಳ ಬಾಗಿಲಿಗೂ ಹಬ್ಬದ ತೋರಣ ಒಣಗಿ ಜೋತಾಡುತ್ತಿತ್ತು. ಈ ಮನೆಯ ಬಾಗಿಲು ಮಾತ್ರ ಬೋಳು.

“ಮಹಾನವಮಿ ಮಾಡಲಿಲ್ಲೇನವಾ?”

“ಶ್ರಾವಣದಾಗ ನಮ್ಮತ್ತಿ ಹೋದ್ರಲ್ರಿ. ವರ್ಷ ತುಂಬೂತನಕ ಹಬ್ಬ ಇಲ್ಲ.”

“ಬಂದೂಕಿಗೆ ಪೂಜಾ?”

“ಕುಂಕುಮದ ಬಟ್ಟಲಾನ ತಗದಿಲ್ರಿ.”

ಹಣಮಂತ್ರಾಯರು ಅಲ್ಲೇ ಕಟ್ಟೆಯ ಮೇಲೆ ಕೂತುಬಿಟ್ಟರು. ಎಂಥ ಕುರುಡು! ಕುಂಕುಮ ಕಣ್ಣೆದುರೇ ಇತ್ತು. ಎಲ್ಲ ಬಂದೂಕಿಗೂ ಇರುವುದೇ ಎಂದು ತಾವೇ ಅದನ್ನು ಚೀಲಕ್ಕೆ ಹಾಕಿ ಬಾಯಿ ಕಟ್ಟಿದ್ದರು. ಪೂಜೆಯಿಲ್ಲದ ಮನೆಯ ಬಂದೂಕಿನೊಳಗೆ ಪೂಜೆಯಾದ ತೋಟಾ ಬಂದದ್ದು ಎಲ್ಲಿಂದ?

“ಬಂದೂಕಿನಾಗ ತೋಟಾ ಯಾವಾಗಿಂದ ಇತ್ತು?”

“ಅವರು ಹೋಗೂವಾಗ ತುಂಬಿ ಇಟ್ಟು ಹೋಗಿದ್ರು. ಮೊನ್ನಿ ಸಂಜಿಮುಂದ ರಾವಸಾಬಣ್ಣ ಬಂದು, ಸರಿ ಐತೇನ ನೋಡ್ತೇನಿ ಅಂತ ಒರಸಿ ಕೊಟ್ಟ. ಅವರು ಎರಡ ದಿನಾ ಬರೂದಿಲ್ಲ ಅಂತ, ಕಳ್ಳರು ದನಿ ತಗೀತಾರ ಅಂತ ಹೇಳಿದಾಂವನೂ ಅವನ.”

*

ರಾವಸಾಬ ಅಂಗಳದಲ್ಲಿ ಚಟ್ಟ ಕಟ್ಟಿಸುತ್ತಿದ್ದ. ಊರಲ್ಲಿ ಬಂದೂಕು ಇದ್ದದ್ದು ಎರಡೇ ಮನೆಯಲ್ಲಿ. ಫೌಜದಾರರು ಮೋದಿನಸಾಬನನ್ನು ಕಳಿಸಿ ಅವನ ತೋಟಾ ಪೆಟ್ಟಿಗೆ ತರಿಸಿದರು. ಮುಚ್ಚಳ ತೆಗೆದಾಗ ಸಾಲಾಗಿ ನಿಂತ ಹಿತ್ತಾಳೆ ತಳಗಳಿಗೆಲ್ಲ ಕುಂಕುಮ. ಎಲ್ಲವೂ ದೊಡ್ಡ ಕಾಳಿನವು. ಒಂದು ಜಾಗ ಖಾಲಿ.

“ಇದಕ್ಕ ಪೂಜಾ ಮಾಡಿದವರ‍್ಯಾರು?”

“ನಾನರೀ,” ಎಂದಳು ಸೀತವ್ವ. “ನಾ ಕೊಟ್ಟ ಹೋದ ಮಗಳು, ಅವ್ವ ಸತ್ತ ವರ್ಷ ಹಬ್ಬ ಬಿಡೂ ನೇಮ ನನಗ ಇಲ್ಲ. ಎಣ್ಣ್ಯಾಗ ಕಲಸಿ ಒಂದೊಂದಕ್ಕೂ ಹಚ್ಚೇನಿ.”

“ಖಾಲಿ ಜಾಗಾಕ್ಕೂ?”

“ಅವತ್ತ ಪೆಟಿಗಿ ತುಂಬಿತ್ತರಿ.”

“ಹಂದಿಗೆ ಹೊಡದ್ನಿ ಸಾಹೇಬ್ರ,” ರಾವಸಾಬ ನಡುವೆ ಬಾಯಿ ಹಾಕಿದ. “ಹೊಲದಾಗ.”

ಸೀತವ್ವ ಅವನತ್ತ ತಿರುಗಿದಳು. “ಯಾವಾಗ? ಹಬ್ಬ ಆದಮ್ಯಾಲ ನಮ್ಮ ಬಂದೂಕು ಗೂಟದಿಂದ ಇಳದ ಇಲ್ಲಲ್ಲ.”

ಅಂದ ಮೇಲೆ ಅವಳಿಗೇ ಅರ್ಥವಾಯಿತು. ಸೆರಗು ಬಾಯಿಗೆ ಹೋಯಿತು.

ಫೌಜದಾರರು ಗುಂಪಿನಲ್ಲಿದ್ದ ಗಾಡಿಯವ ರಸೂಲಸಾಬನನ್ನು ಮುಂದೆ ಕರೆದರು. ಮುದ್ದೇಬಿಹಾಳದಿಂದ ಸುದ್ದಿ ತರುವವನು ಅವನೇ ಎಂದು ಅವರಿಗೆ ಗೊತ್ತಿತ್ತು.

“ಗೌಡರು ಏನ ಹೇಳಿ ಕಳಸಿದ್ರು?”

“ಎತ್ತಿನ ವ್ಯವಹಾರ ಲಗೂನ ಮುಗೀತು, ನಸುಕಿನಾಗ ಬರ್ತೇನಿ ಅಂತ ಮನ್ಯಾಗ ಹೇಳು ಅಂದಿದ್ರು. ದಾರ್ಯಾಗ ರಾವಸಾಬ್ರು ಸಿಕ್ಕು, ನಾ ಹೇಳ್ತೇನಿ ಬಿಡು ಅಂದ್ರು.”

“ಕೇಳಿದ್ರೇನ?” ಹಣಮಂತ್ರಾಯರು ಮಂದಿಯ ಕಡೆ ತಿರುಗಿದರು. “ಬರ್ತಾನ ಅಂತ ಇವಗ ಗೊತ್ತಿತ್ತು. ಹೆಂಡತಿಗೆ ಎರಡ ದಿನಾ ಬರೂದಿಲ್ಲ ಅಂದ. ದನಿ ನಂಬಬ್ಯಾಡ ಅಂದ. ಒರಸೂ ನೆಪದಾಗ ಸಣ್ಣ ತೋಟಾ ತಗದು ತನ್ನದೊಂದು ದೊಡ್ಡ ಕಾಳಿಂದು ಇಟ್ಟ. ಕುಂಕುಮಾ ಒರಸಿದ, ಎಣ್ಣ್ಯಾಗ ಕಲಸಿದ್ದು ಅಂಚಿನಾಗ ಉಳೀತು. ಗುರಿ ತಪ್ಪಿದ್ರ ಇವನ ಗಂಟೇನ ಹೋಗ್ತಿತ್ತು? ತಗಲಿದ್ರ ಗಂಡನ್ನ ಕೊಂದಾಕಿಗೆ ಗಂಡನ ಆಸ್ತಿ ದಕ್ಕೂದಿಲ್ಲ, ಕಾಯ್ದೆ ಹಂಗೈತಿ. ಮಕ್ಕಳಿಲ್ಲ, ತಾಯಿ ತಂದಿ ಇಲ್ಲ, ಅಣ್ಣತಮ್ಮ ಇಲ್ಲ. ಹೊಲಾ ಮನಿ ತಂಗಿಗೆ. ತಂಗಿ ಅಂದ್ರ ಇವಗ.”

ರಾವಸಾಬ ಬೇಲಿಯತ್ತ ಓಡಿದ. ಮೋದಿನಸಾಬ ಅವನ ಕೊರಳಪಟ್ಟಿ ಹಿಡಿದು ಮಣ್ಣಿಗೆ ಕೆಡವಿದ. “ನಾ ಹೊಡದಿಲ್ಲ! ಹೊಡದಾಕಿ ಅಕಿ!” ಎಂದು ಅವನು ಕೂಗುತ್ತಲೇ ಇದ್ದ, ಜೀಪಿಗೆ ತುಂಬುವತನಕ.

*

ಅಂಗಳ ತಣ್ಣಗಾದ ಮೇಲೆ ಹಣಮಂತ್ರಾಯರು ಸಾವಿತ್ರವ್ವನ ಮುಂದೆ ಕೂತರು. ಗೆದ್ದ ಖುಷಿ ಅವರಲ್ಲಿ ಎಳ್ಳಷ್ಟೂ ಇರಲಿಲ್ಲ.

“ನಿನ್ನ ಮ್ಯಾಲ ಖೂನಿ ಇಲ್ಲವಾ. ಏಳು.”

ಅವಳು ಏಳಲಿಲ್ಲ.

“ಒಂದು ಹೇಳಿಲ್ರಿ ನಿಮಗ. ನನಗ ದನಿ ಗುರ್ತು ಹತ್ತಿತ್ತು. ಅವರದ ಅನಿಸಿತ್ತು. ಅವರ ಆಗಿದ್ರೂ ಸಣ್ಣ ಕಾಳು, ಹೆಚ್ಚಂದ್ರ ತರಚತೈತಿ, ಆಮ್ಯಾಲ ಬೈಸಿಕೊಂಡ್ರಾತು ಅಂತ ಬಂದೂಕಿನ ಕುದರಿ ಎಳದ್ನಿ. ಇದಕ್ಕ ನಿಮ್ಮ ಕಾಯ್ದೆದಾಗ ಏನಂತಾರ?”

ಹಣಮಂತ್ರಾಯರು ಟೋಪಿ ತೆಗೆದು ತೊಡೆಯ ಮೇಲೆ ಇಟ್ಟುಕೊಂಡರು.

ಬಾಗಿಲಲ್ಲಿ ಸೀತವ್ವ ನಿಂತಿದ್ದಳು. ಎಲ್ಲವನ್ನೂ ಕೇಳಿಸಿಕೊಂಡಿದ್ದಳು. ಅವಳು ಒಳಗೆ ಬಂದು ಸಾವಿತ್ರವ್ವನ ಎರಡೂ ತೋಳು ಹಿಡಿದು ಎತ್ತಿದಳು.

“ಏಳ ವೈನಿ. ಅಣ್ಣನ ಮೈ ತೊಳೀಬೇಕು. ನನ್ನೊಬ್ಬಾಕಿ ಕೈಲೆ ಆಗೂದಿಲ್ಲ.”